ಮನೆಯಂಗಳದ ಪೈನ್ ಮರ: ನೆಡುವ ಮುನ್ನ ಅರಿಯಬೇಕಾದ ಸಂಗತಿಗಳು

ಕೇದಾರ ಯಾತ್ರೆಯನ್ನು ಮುಗಿಸಿಕೊಂಡು ಬಂದ ನಮ್ಮ ಭಕ್ತರು ಹಿಮಶಿಖರಗಳನ್ನೂ ಮಂದಾಕಿನಿಯ ಭೋರ್ಗರೆತವನ್ನೂ ನೆನೆಯುವಂತೆಯೇ, ದಾರಿಯ ಬೆಟ್ಟಗಳ ಇಳಿಜಾರಿನಲ್ಲಿ ನೆಟ್ಟಗೆ ನಿಂತ ಪೈನ್ ಮರಗಳನ್ನೂ ನೆನೆಯುತ್ತಾರೆ. ಪಂಚಪೀಠಗಳಲ್ಲೊಂದಾದ ಹಿಮವತ್ಕೇದಾರ ಪೀಠವಿರುವ ಊಖೀಮಠದ ಕಡೆಗೆ ಸಾಗುವವರಿಗೆ ಆ ಮರಗಳ ಗಾಳಿಯ ಸದ್ದೂ ರಾಳದ ಪರಿಮಳವೂ ಯಾತ್ರೆಯ ಒಂದು ಭಾಗವೇ ಆಗಿಬಿಡುತ್ತವೆ. ಊರಿಗೆ ಮರಳಿದ ಮೇಲೆ, "ನಮ್ಮ ಮನೆಯ ಮುಂದೆಯೂ ಅಂಥದೊಂದು ಮರವಿದ್ದರೆ ಎಷ್ಟು ಚೆನ್ನ!" ಎಂಬ ಆಸೆ ಮೂಡುವುದು ಸಹಜ.

ಈ ಆಸೆಯನ್ನು ಹೊತ್ತು ನರ್ಸರಿಗೆ ಹೋದವರ ಕೈಗೆ ಬರುವುದು ಬಹುಮಟ್ಟಿಗೆ ಒಂದೇ ಸಸಿ. ಸುತ್ತಲೂ ಛತ್ರಿಯ ಕಡ್ಡಿಗಳಂತೆ ರೆಂಬೆಗಳನ್ನು ಚಾಚಿ, ಅಂತಸ್ತು ಅಂತಸ್ತಾಗಿ ಗೋಪುರದಂತೆ ಮೇಲೇರುವ ಹಚ್ಚಹಸುರಿನ ಆ ಗಿಡವನ್ನು ಮಾರುವವರು ಅರಕೇರಿಯಾ ಎಂದೋ, ನಾರ್ಫೋಕ್ ಪೈನ್ ಎಂದೋ, ಕ್ರಿಸ್‌ಮಸ್ ಮರ ಎಂದೋ ಕರೆಯುತ್ತಾರೆ. ಗೃಹಪ್ರವೇಶದ ಉಡುಗೊರೆಯಾಗಿಯೂ ಇದು ಮನೆ ಸೇರುವುದುಂಟು. ಕುಂಡದಲ್ಲಿ ಎರಡಡಿ ಎತ್ತರವಿರುವ ಈ ಮುದ್ದು ಗಿಡ ಮುಂದೆ ಏನಾಗುತ್ತದೆ, ಅದಕ್ಕೆ ನಾವು ಮಾಡಬೇಕಾದುದೇನು ಎಂಬುದನ್ನು ತಂದ ದಿನವೇ ಯೋಚಿಸುವವರು ಕಡಿಮೆ. ಆ ಯೋಚನೆಗೆ ನೆರವಾಗಲೆಂದೇ ಈ ಲೇಖನ.

ಇದು ಎಲ್ಲಿಯ ಮರ?

ಹಿಮಾಲಯದ ಪೈನ್ ಮರಕ್ಕೂ ನಮ್ಮ ಅಂಗಳದ ಈ ಮರಕ್ಕೂ ನಂಟು ಬಹು ದೂರದ್ದು. ಸಂಸ್ಕೃತದಲ್ಲಿ ಸರಲ ವೃಕ್ಷವೆನಿಸಿದ ಹಿಮಾಲಯದ ಚೀಡ್ ಪೈನ್‌ನಲ್ಲಿ ಸೂಜಿಯಂಥ ಉದ್ದನೆಯ ಎಲೆಗಳು ಮೂರು ಮೂರರ ಕಟ್ಟಾಗಿ ಹುಟ್ಟುತ್ತವೆ. ಅರಕೇರಿಯಾದ ಎಲೆಗಳಾದರೋ ಗಿಡ್ಡನೆಯವು. ಕಡ್ಡಿಯ ಸುತ್ತಲೂ ಒತ್ತಾಗಿ ಹೆಣೆದುಕೊಂಡಿರುತ್ತವೆ. ಎರಡೂ ಹೂ ಬಿಡದೆ ಶಂಕುವಿನಾಕಾರದ ಕಾಯಿಗಳಲ್ಲಿ ಬೀಜ ಕಟ್ಟುವ ಮರಗಳೇ. ಆದರೂ ಸಸ್ಯಶಾಸ್ತ್ರದಲ್ಲಿ ಅವುಗಳ ಕುಟುಂಬಗಳು ಬೇರೆ ಬೇರೆ.

ಅರಕೇರಿಯಾ ಕುಲದಲ್ಲಿ ಸುಮಾರು 20 ಪ್ರಭೇದಗಳಿವೆ. ದಕ್ಷಿಣ ಅಮೆರಿಕದ ಚಿಲಿ ದೇಶದ ಅರೌಕೋ ಎಂಬ ಸೀಮೆಯಿಂದ ಈ ಹೆಸರು ಬಂದಿದೆ. ಹೆಚ್ಚಿನ ಪ್ರಭೇದಗಳ ತವರು ಪೆಸಿಫಿಕ್ ಸಾಗರದ ನ್ಯೂ ಕ್ಯಾಲಿಡೋನಿಯಾ ದ್ವೀಪ. 1774ರಲ್ಲಿ ಇಂಗ್ಲೆಂಡಿನ ನಾವಿಕ ಜೇಮ್ಸ್ ಕುಕ್ ತನ್ನ ಎರಡನೆಯ ಮಹಾಯಾನದಲ್ಲಿ ಆ ದ್ವೀಪದ ಕರಾವಳಿಯನ್ನು ಬಳಸಿ ಸಾಗುತ್ತಿದ್ದಾಗ, ದೂರದಲ್ಲಿ ಸಾಲುಗಂಬಗಳಂತೆ ನಿಂತಿದ್ದ ಇವುಗಳನ್ನು ಕಂಡು ಹಡಗಿನಲ್ಲಿದ್ದವರಲ್ಲಿ ಕೆಲವರು ಕಲ್ಲಿನ ಕಂಬಗಳೆಂದೇ ವಾದಿಸಿದರಂತೆ. ಹತ್ತಿರ ಹೋಗಿ ನೋಡಿದಾಗ ಅವು ಮರಗಳಾಗಿದ್ದವು. ಅಲ್ಲಿನ ಒಂದು ದ್ವೀಪಕ್ಕೆ ಕುಕ್ ಇಟ್ಟ ಪೈನ್ ದ್ವೀಪವೆಂಬ ಹೆಸರು ಇಂದಿಗೂ ಉಳಿದಿದೆ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆತ ಆಸ್ಟ್ರೇಲಿಯದ ಪೂರ್ವಕ್ಕಿರುವ ನಾರ್ಫೋಕ್ ದ್ವೀಪವನ್ನು ಮುಟ್ಟಿದ. ಅಲ್ಲಿಯೂ ಇಂಥದೇ ಮರಗಳು. ಹಡಗಿನ ಕೂವೆಕಂಬಕ್ಕೆ ಇವು ತಕ್ಕವೆಂದು ಆತ ಎಣಿಸಿದ. ಆದರೆ 1788ರಲ್ಲಿ ಅಲ್ಲಿ ನೆಲೆಯೂರಿದವರಿಗೆ ಈ ಮರದಲ್ಲಿ ಆ ಕೆಲಸಕ್ಕೆ ಬೇಕಾದ ಗಟ್ಟಿತನವಿಲ್ಲವೆಂಬುದು ತಿಳಿದುಬಂತು. ನೋಟಕ್ಕೆ ಕಂಬದಂತಿರುವುದೇ ಬೇರೆ, ಭಾರ ಹೊರುವುದೇ ಬೇರೆ! ಇಂದು ಆ ಪುಟ್ಟ ದ್ವೀಪದ ಧ್ವಜದ ನಡುವೆ ಈ ಮರದ ಚಿತ್ರವೇ ಇದೆ.

ಒಂದೇ ಹೆಸರಿನ ಇಬ್ಬರು ಸೋದರರು

ನಾರ್ಫೋಕ್ ದ್ವೀಪದ ಮರ ಅರಕೇರಿಯಾ ಹೆಟೆರೊಫಿಲ್ಲಾ. ನ್ಯೂ ಕ್ಯಾಲಿಡೋನಿಯಾದ್ದು ಅರಕೇರಿಯಾ ಕಾಲಮ್ನಾರಿಸ್, ಅಂದರೆ ಕುಕ್ ಪೈನ್. ಎಳೆಯ ಸಸಿಗಳಾಗಿದ್ದಾಗ ಇವೆರಡನ್ನು ಬೇರ್ಪಡಿಸಿ ಗುರುತಿಸುವುದು ಬಲ್ಲವರಿಗೂ ಕಷ್ಟ. ಆದುದರಿಂದ ನಾರ್ಫೋಕ್ ಪೈನ್ ಎಂಬ ಹೆಸರಿನಲ್ಲಿ ಕುಕ್ ಪೈನ್ ಮಾರಾಟವಾಗುವುದು ಲೋಕದ ಅನೇಕ ಕಡೆಗಳಲ್ಲಿ ಸಾಮಾನ್ಯ. ಬೆಳೆದ ಮೇಲೆ ವ್ಯತ್ಯಾಸ ಕಾಣುತ್ತದೆ. ನಾರ್ಫೋಕ್ ಪೈನ್ ಅಗಲವಾದ ತಳವಿರುವ ತ್ರಿಕೋನದಂತೆ ಹರಡುತ್ತದೆ. ಕುಕ್ ಪೈನ್ ಗಿಡ್ಡ ರೆಂಬೆಗಳನ್ನಿಟ್ಟುಕೊಂಡು ಧ್ವಜಸ್ತಂಭದಂತೆ ಸಪೂರವಾಗಿ ಏರುತ್ತದೆ. ಅದರ ತೊಗಟೆ ತೆಳ್ಳಗೆ ಕಾಗದದಂತೆ ಸುಲಿಯುತ್ತದೆ. ಬೆಂಗಳೂರಿನ ಲಾಲ್‌ಬಾಗಿಗೆ ಹೋದವರು ಗಾಜಿನ ಮನೆಯ ಪರಿಸರದಲ್ಲಿ ಮುಗಿಲಿಗೆ ಮುಖ ಮಾಡಿ ನಿಂತ ಹಳೆಯ ಕುಕ್ ಪೈನ್‌ಗಳನ್ನು ನೋಡಬಹುದು. ಸಸಿ ಕೊಳ್ಳುವ ಮೊದಲು ಒಮ್ಮೆ ಅವುಗಳ ಬುಡದಲ್ಲಿ ನಿಂತು ತಲೆಯೆತ್ತಿ ನೋಡುವುದು ಎಲ್ಲ ಪುಸ್ತಕಗಳ ಓದಿಗಿಂತ ಹೆಚ್ಚಿನ ಪಾಠ. ತವರು ನೆಲದಲ್ಲಿ ಇವು 50ರಿಂದ 60 ಮೀಟರ್ ಎತ್ತರದವರೆಗೆ ಬೆಳೆಯಬಲ್ಲವು. ನಮ್ಮಲ್ಲಿ ಅದರ ಅರ್ಧದಷ್ಟೇ ಬೆಳೆದರೂ ಮೂರಂತಸ್ತಿನ ಮನೆಯನ್ನು ಮೀರಿ ನಿಲ್ಲುತ್ತವೆ.

ಕುಕ್ ಪೈನ್‌ಗೆ ಒಂದು ವಿಚಿತ್ರ ಗುಣವಿದೆ. ಅದು ಬೆಳೆಯುತ್ತ ಭೂಮಧ್ಯರೇಖೆಯ ಕಡೆಗೆ ವಾಲುತ್ತದೆ. ಐದು ಖಂಡಗಳಲ್ಲಿ 256 ಮರಗಳನ್ನು ಅಳೆದ ಸಂಶೋಧಕರು 2017ರಲ್ಲಿ ಈ ವಿಷಯವನ್ನು ಪ್ರಕಟಿಸಿದರು. ಸರಾಸರಿ ವಾಲು ಎಂಟೂವರೆ ಡಿಗ್ರಿ. ಉತ್ತರ ಗೋಲಾರ್ಧದ ಮರಗಳು ದಕ್ಷಿಣಕ್ಕೂ, ದಕ್ಷಿಣ ಗೋಲಾರ್ಧದವು ಉತ್ತರಕ್ಕೂ ಬಾಗುತ್ತವೆ. ನಮ್ಮ ನಾಡಿನಲ್ಲಿ ಈ ಮರ ದಕ್ಷಿಣಕ್ಕೆ ಕೊಂಚ ವಾಲಿದ್ದರೆ ಅದು ರೋಗವೆಂದು ಬೆದರಿ ಹಗ್ಗ ಬಿಗಿದು ಎಳೆಯಬೇಕಾಗಿಲ್ಲ. ಆದರೆ ನೆಡುವಾಗ ದಕ್ಷಿಣದ ಕಡೆಗೆ ಮನೆಯೋ ವಿದ್ಯುತ್ ತಂತಿಯೋ ಇಲ್ಲದಂತೆ ನೋಡಿಕೊಳ್ಳುವುದು ಜಾಣತನ. ಬುಡದ ಮಣ್ಣು ಬಿರಿದು, ಇದ್ದಕ್ಕಿದ್ದಂತೆ ಮರ ವಾಲಿದರೆ ಮಾತ್ರ ಅದು ಅಪಾಯದ ಸೂಚನೆ.

ಹೆಸರಿನ ಬಗ್ಗೆ ಒಂದು ಮಾತು

"ಕ್ರಿಸ್‌ಮಸ್ ಮರ ಎನ್ನುತ್ತಾರಲ್ಲ, ಲಿಂಗಪೂಜೆ ನಡೆಯುವ ನಮ್ಮ ಮನೆಯಲ್ಲಿ ಇದನ್ನು ಬೆಳೆಸಬಹುದೇ?" ಎಂದು ಕೆಲವು ಹಿರಿಯರು ಕೇಳುವುದುಂಟು. ಯುರೋಪಿನವರು ತಮ್ಮ ಹಬ್ಬದಲ್ಲಿ ಸಿಂಗರಿಸುತ್ತಿದ್ದುದು ತಮ್ಮ ಚಳಿನಾಡಿನ ಬೇರೆ ಮರಗಳನ್ನು. ಆ ಮರಗಳು ಬಾಳದ ಬೆಚ್ಚನೆಯ ನಾಡುಗಳಲ್ಲಿ ಆಕಾರದಲ್ಲಿ ಹೋಲುವ ಇದಕ್ಕೆ ಆ ಹೆಸರು ಅಂಟಿಕೊಂಡಿತು. ಮರಕ್ಕೆ ಮತವಿಲ್ಲ; ನೆರಳಿಗೆ ಜಾತಿಯಿಲ್ಲ. ಮರ ಮನೆಗಿಂತ ಎತ್ತರ ಬೆಳೆದರೆ ಯಜಮಾನನಿಗೆ ಕೇಡೆಂದು ಯಾರಾದರೂ ಹೆದರಿಸಿದರೆ ಅದಕ್ಕೂ ಕಿವಿಗೊಡಬೇಕಾಗಿಲ್ಲ. ಶರಣರು ನಮ್ಮನ್ನು ಬಿಡಿಸಿದ್ದು ಇಂಥ ಭಯಗಳಿಂದಲೇ ಅಲ್ಲವೇ? ನಾವು ಯೋಚಿಸಬೇಕಾದುದು ಗಾಳಿ, ಬೇರು, ತಂತಿ ಮತ್ತು ನೆರೆಮನೆಯ ಗೋಡೆಯ ಬಗ್ಗೆ.

ತಿದ್ದಲಾಗದ ಮರ

ನಂದಿಬಟ್ಟಲು, ದಾಸವಾಳಗಳನ್ನು ಬೆಳೆಸಿ ರೂಢಿಯಾದ ಕೈಗಳಿಗೆ ಈ ಮರದ ಸ್ವಭಾವ ಹೊಸದು. ದಾಸವಾಳವನ್ನು ಹೇಗೆ ಕತ್ತರಿಸಿದರೂ ಅದು ಮತ್ತೆ ಚಿಗುರಿ ತುಂಬಿಕೊಳ್ಳುತ್ತದೆ. ಅರಕೇರಿಯಾ ಹಾಗಲ್ಲ. ಮೂರು ಸಂಗತಿಗಳನ್ನು ಮನಸ್ಸಿನಲ್ಲಿಡಬೇಕು.

ಮೊದಲನೆಯದು, ಸುಳಿ. ನೆತ್ತಿಯ ಸುಳಿ ಒಂದೇ. ಎತ್ತರವಾಯಿತೆಂದು ಅದನ್ನು ಚಿವುಟಿದರೆ ಮರದ ಗೋಪುರದ ಚೆಲುವು ಅಲ್ಲಿಗೆ ಮುಗಿಯಿತು. ಮುಂದೆ ಕಾಂಡದಿಂದ ಎರಡು ಮೂರು ತಲೆಗಳು ಪೈಪೋಟಿಯಲ್ಲಿ ಹೊರಡಬಹುದು. ಅವುಗಳ ಸಂದು ದುರ್ಬಲವಾಗಿದ್ದು, ಬಿರುಗಾಳಿಗೆ ಸೀಳುವ ಭಯವಿರುತ್ತದೆ.

ಎರಡನೆಯದು, ಕೆಳಗಿನ ರೆಂಬೆಗಳು. ನೀರಿನ ಕೊರತೆಯಿಂದಲೋ ಬೆಳಕು ಸಾಲದೆಯೋ ಎಳೆಯ ಗಿಡದ ಕೆಳಗಿನ ಸುತ್ತು ಒಣಗಿ ಬಿದ್ದರೆ ಆ ಜಾಗ ಮತ್ತೆ ಮೊದಲಿನಂತೆ ತುಂಬುವುದಿಲ್ಲ. ಬೆಳೆದ ಕುಕ್ ಪೈನ್ ತನ್ನ ಕಾಂಡದ ಮೇಲೆ ಗಿಡ್ಡ ರೆಂಬೆಗಳನ್ನು ಮತ್ತೆ ಹುಟ್ಟಿಸಬಲ್ಲದಾದರೂ ಕುಂಡದ ಗಿಡದಿಂದ ಅದನ್ನು ನಿರೀಕ್ಷಿಸಲಾಗದು.

ಮೂರನೆಯದು ಎಲ್ಲಕ್ಕಿಂತ ಸೋಜಿಗದ್ದು. ಪಕ್ಕದ ರೆಂಬೆಯೊಂದನ್ನು ಕತ್ತರಿಸಿ ಬೇರು ಬರಿಸಿದರೆ ಆ ಗಿಡ ಬದುಕಬಹುದು, ಆದರೆ ಎಂದಿಗೂ ಎದ್ದು ನಿಲ್ಲುವುದಿಲ್ಲ. ತಾನು ರೆಂಬೆಯಾಗಿದ್ದೆನೆಂಬುದನ್ನು ಮರೆಯದಂತೆ ಅದು ನೆಲಕ್ಕೆ ಅಡ್ಡಡ್ಡಲಾಗಿಯೇ ಬೆಳೆಯುತ್ತ ಹೋಗುತ್ತದೆ. ನೆಟ್ಟಗೆ ಬೆಳೆಯುವ ಗಿಡ ಬೇಕಾದರೆ ಬೀಜದಿಂದ ಹುಟ್ಟಿದ್ದಾಗಿರಬೇಕು ಅಥವಾ ಸುಳಿಯ ತುಂಡಿನಿಂದ ಬಂದದ್ದಾಗಿರಬೇಕು. ಬೀಜವೂ ಬೇಗನೆ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ತಾಜಾ ಇರುವಾಗಲೇ ಬಿತ್ತಬೇಕು. ಕೊಳ್ಳುವಾಗ ಸಸಿಯ ಸುತ್ತ ಎಲ್ಲ ಕಡೆಗೂ ರೆಂಬೆಗಳಿವೆಯೇ, ನಡುವೆ ನೆಟ್ಟನೆಯ ಸುಳಿ ಇದೆಯೇ ಎಂದು ನೋಡಿಕೊಳ್ಳುವುದು ಇದಕ್ಕಾಗಿಯೇ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬ ಗಾದೆಯನ್ನು ನಾವು ಮಕ್ಕಳ ವಿಷಯದಲ್ಲಿ ಆಡುತ್ತೇವೆ. ಈ ಮರದ ವಿಷಯದಲ್ಲಿ ಅದು ಅಕ್ಷರಶಃ ಸತ್ಯ. ಇದಕ್ಕೆ ಬೇಕಾದ ವಿವೇಕವೆಲ್ಲ ಮೊದಲ ದಿನವೇ ಬೇಕು; ತಡವಾಗಿ ಬಂದ ವಿವೇಕ ಕೊಡಲಿಯ ರೂಪದಲ್ಲಿಯೇ ಬರುತ್ತದೆ.

ಕುಂಡವೋ, ನೆಲವೋ?

ನಗರಗಳಲ್ಲಿ ನಮ್ಮ ಹೆಚ್ಚಿನ ಕುಟುಂಬಗಳು ಮನೆ ಕಟ್ಟುವುದು 30 ಅಡಿಗೆ 40 ಅಡಿಯ ನಿವೇಶನದಲ್ಲಿ. ಮನೆಯ ಮುಂದೆ ಉಳಿಯುವುದು ನಾಲ್ಕೈದು ಅಡಿಯ ಪಟ್ಟಿ. ಅಲ್ಲಿ ಕಾಂಪೌಂಡಿನ ಮಗ್ಗುಲಿಗೆ ಈ ಸಸಿಯನ್ನು ನೆಟ್ಟರೆ ಮೊದಲ ಕೆಲವು ವರ್ಷ ಎಲ್ಲರೂ ಹೊಗಳುತ್ತಾರೆ. ಅನಂತರ ರೆಂಬೆಗಳು ಕಿಟಕಿಗೆ ತಾಗುತ್ತವೆ, ಬೇರು ನೆಲಹಾಸನ್ನು ಎತ್ತುತ್ತದೆ, ನೆತ್ತಿ ವಿದ್ಯುತ್ ತಂತಿಯನ್ನು ಮುಟ್ಟುತ್ತದೆ. ಮಳೆಗಾಲದ ಗಾಳಿಗೆ ನೆರೆಮನೆಯವರು ಆತಂಕಗೊಳ್ಳುತ್ತಾರೆ. ತಂತಿಗಾಗಿ ಯಾರೋ ಬಂದು ನೆತ್ತಿ ಕತ್ತರಿಸುತ್ತಾರೆ. ಬೆಳೆದ ಮರವನ್ನು ತೆಗೆಯುವುದಾದರೂ ಸುಲಭವೇ? 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಅಂಗಳದ ಮರವನ್ನು ಕಡಿಯುವುದಕ್ಕೂ ವೃಕ್ಷಾಧಿಕಾರಿಗಳ ಅನುಮತಿ ಪಡೆಯಬೇಕು. ಅದಕ್ಕಿಂತ ಹೆಚ್ಚಾಗಿ, ಮಕ್ಕಳ ಜೊತೆಗೇ ಬೆಳೆದ ಮರಕ್ಕೆ ಕೊಡಲಿ ಹಾಕಿಸುವ ನೋವನ್ನು ಮನೆಮಂದಿಯೆಲ್ಲ ಉಣ್ಣಬೇಕಾಗುತ್ತದೆ. ಆ ಜೀವಕ್ಕೆ ಸಲ್ಲದ ಜಾಗ ಕೊಟ್ಟವರು ನಾವೇ.

ಆದುದರಿಂದ ಒಂದು ಸರಳ ನಿಯಮವನ್ನು ಇಟ್ಟುಕೊಳ್ಳಬಹುದು. ಮನೆಯ ಗೋಡೆಯಿಂದಲೂ, ತಂತಿಯಿಂದಲೂ, ಶೌಚದ ಗುಂಡಿ ಮತ್ತು ನೀರಿನ ತೊಟ್ಟಿಯಿಂದಲೂ ಕನಿಷ್ಠ 25 ಅಡಿ ದೂರ ಬಿಡಲು ಸಾಧ್ಯವಿದ್ದರೆ ನೆಲದಲ್ಲಿ ನೆಡಿ; ಇಲ್ಲವಾದರೆ ಕುಂಡದಲ್ಲಿಯೇ ಸಾಕಿ. ತೋಟದ ಮನೆ, ಮಠದ ಆವರಣ, ಶಾಲೆಯ ಮೈದಾನ, ಕಾಫಿ ತೋಟದ ಬಂಗಲೆಯ ಮುಂಭಾಗ ಇವು ನೆಲದಲ್ಲಿ ನೆಡಲು ಒಪ್ಪುವ ಸ್ಥಳಗಳು. ಬೆಂಗಳೂರು, ಮೈಸೂರು, ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಧಾರವಾಡ, ಬೆಳಗಾವಿಗಳ ಹವೆ ಇದಕ್ಕೆ ಹಿತವಾಗಿದೆ. ಕಲಬುರಗಿ, ರಾಯಚೂರು, ವಿಜಯಪುರಗಳ ಬೇಸಗೆಯ ಝಳದಲ್ಲಿಯೂ ಸುಣ್ಣದ ಅಂಶ ಹೆಚ್ಚಿರುವ ಕಪ್ಪು ಮಣ್ಣಿನಲ್ಲಿಯೂ ಇದು ಸೊರಗುತ್ತದೆ. ಅಲ್ಲಿನವರು ಮಧ್ಯಾಹ್ನದ ಬಿಸಿಲು ತಾಗದ ಪೂರ್ವದ ಜಗಲಿಯಲ್ಲಿ ಕುಂಡದಲ್ಲಿಟ್ಟು ಬೆಳೆಸುವುದು ಲೇಸು.

ಕುಂಡದಲ್ಲಿ ಸಾಕುವ ಕ್ರಮ

ಕುಂಡದ ತಳದಲ್ಲಿ ತೂತು ಇರಲೇಬೇಕು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಹುಳು ಗೊಬ್ಬರ, ಜೊತೆಗೆ ಒಂದಿಷ್ಟು ತೆಂಗಿನ ನಾರಿನ ಪುಡಿ ಸೇರಿಸಿದರೆ ಮಣ್ಣು ಹದವಾಗುತ್ತದೆ. ನೀರು ನಿಲ್ಲದ, ತುಸು ಹುಳಿಯ ಗುಣವುಳ್ಳ ಮಣ್ಣು ಇದಕ್ಕೆ ಇಷ್ಟ.

ನೀರಿನ ವಿಷಯದಲ್ಲಿ ಅತಿ ಪ್ರೀತಿಯೂ ಅಪಾಯ, ಮರೆವೂ ಅಪಾಯ. ಬೆರಳನ್ನು ಮಣ್ಣಿಗೆ ಒಂದಂಗುಲ ಇಳಿಸಿ ನೋಡಿ. ಒಣಗಿದ್ದರೆ ತಳದ ತೂತಿನಿಂದ ಹೊರಬರುವಷ್ಟು ನೀರುಣಿಸಿ. ತೇವವಿದ್ದರೆ ಆ ದಿನ ಬಿಡಿ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು, ಇಲ್ಲವಾದರೆ ಬೇರು ಕೊಳೆಯುತ್ತದೆ. ನಾಲ್ಕು ದಿನ ಊರಿಗೆ ಹೋಗುವಾಗ ನೆರೆಯವರಿಗೆ ಹೇಳಿ ಹೋಗುವುದು ಅವಶ್ಯ. ಮಳೆಯ ನೀರು ಸಿಕ್ಕಿದಾಗ ಅದನ್ನೇ ಕೊಡಿ.

ಬೆಳಕು ಹೇರಳವಾಗಿರಬೇಕು. ಬೆಳಗಿನ ಎಳೆಬಿಸಿಲು ಮೈಮೇಲೆ ಬಿದ್ದರೆ ಗಿಡ ಲವಲವಿಕೆಯಿಂದಿರುತ್ತದೆ. ಪಡಸಾಲೆಯ ಕತ್ತಲ ಮೂಲೆಯಲ್ಲಿ ಅಲಂಕಾರಕ್ಕೆಂದು ತಿಂಗಳುಗಟ್ಟಲೆ ಇಟ್ಟರೆ ಕಾಂಡ ಸಪೂರವಾಗಿ ನೀಳವಾಗುತ್ತದೆ, ರೆಂಬೆಗಳು ಜೋಲುತ್ತವೆ. ಬೆಳಕು ಒಂದೇ ಕಡೆಯಿಂದ ಬರುತ್ತಿದ್ದರೆ ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಬೇಕು. ಹಾಗೆಯೇ ಒಳಗಿದ್ದ ಗಿಡವನ್ನು ಒಮ್ಮೆಲೇ ಉರಿಬಿಸಿಲಿಗೆ ಇಡಬಾರದು. ಹತ್ತು ಹದಿನೈದು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಿಸಿಲಿಗೆ ಒಗ್ಗಿಸಬೇಕು.

ಮುಂಗಾರಿನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಒಂದು ಹಿಡಿ ಎರೆಹುಳು ಗೊಬ್ಬರ, ನಡುವೆ ಒಮ್ಮೆ ತುಸು ಬೇವಿನ ಹಿಂಡಿ ಸಾಕು. ಚಳಿಗಾಲದಲ್ಲಿ ಗೊಬ್ಬರ ಬೇಡ. ಎರಡು ಮೂರು ವರ್ಷಗಳಿಗೊಮ್ಮೆ ಮಳೆಗಾಲದ ಆರಂಭದಲ್ಲಿ ಎರಡಂಗುಲ ದೊಡ್ಡದಾದ ಕುಂಡಕ್ಕೆ ಬದಲಾಯಿಸಬೇಕು. ಆಗ ಬೇರಿನ ಮಣ್ಣಿನ ಹೆಂಟೆ ಒಡೆಯದಂತೆ ಎಚ್ಚರ ವಹಿಸಬೇಕು. ಒಂದೇ ಕುಂಡದಲ್ಲಿ ಮೂರು ನಾಲ್ಕು ಸಸಿಗಳನ್ನು ಸೇರಿಸಿಟ್ಟು ದಟ್ಟವಾಗಿ ಕಾಣುವಂತೆ ಮಾಡಿದ್ದರೆ, ಎಳೆಯದಿರುವಾಗಲೇ ಅವುಗಳನ್ನು ಬೇರೆ ಮಾಡುವುದು ಒಳ್ಳೆಯದು. ಹೀಗೆ ನೋಡಿಕೊಂಡರೆ ಕುಂಡದ ಗಿಡ ನಿಧಾನವಾಗಿ ಬೆಳೆಯುತ್ತ ಅನೇಕ ವರ್ಷ ಮನೆಯ ಶೋಭೆಯಾಗಿರುತ್ತದೆ. ಹಬ್ಬದ ದಿನ ಬಿಸಿಯೇರುವ ವಿದ್ಯುದ್ದೀಪಗಳ ಸರವನ್ನೋ ಭಾರದ ಅಲಂಕಾರವನ್ನೋ ಎಳೆಯ ರೆಂಬೆಗಳಿಗೆ ಹೇರಬಾರದು.

ನೆಲದಲ್ಲಿ ನೆಡುವ ಕ್ರಮ

ಜೂನ್ ಜುಲೈ ತಿಂಗಳು ನೆಡಲು ಸೂಕ್ತ. ಎರಡೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಮೊದಲೇ ತೋಡಿ ಕೆಲವು ದಿನ ಬಿಸಿಲಿಗೆ ಬಿಡಬೇಕು. ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರವನ್ನೂ, ಗೆದ್ದಲಿನ ಕಾಟವಿರುವಲ್ಲಿ ಬೇವಿನ ಹಿಂಡಿಯನ್ನೂ ಬೆರೆಸಿ ತುಂಬಬೇಕು. ಸಸಿ ಕುಂಡದಲ್ಲಿ ಎಷ್ಟು ಆಳಕ್ಕೆ ಇತ್ತೋ ಅಷ್ಟೇ ಆಳಕ್ಕೆ ನೆಡಬೇಕು. ಕಾಂಡವನ್ನು ಮಣ್ಣಿನಲ್ಲಿ ಹೂತರೆ ಬುಡ ಕೊಳೆಯುತ್ತದೆ. ಕುಂಡದೊಳಗೆ ಬೇರುಗಳು ಸುರುಳಿ ಸುತ್ತಿಕೊಂಡಿದ್ದರೆ ಮೆಲ್ಲನೆ ಬಿಡಿಸಿ ಹರಡಬೇಕು. ಸುರುಳಿ ಸುತ್ತಿದ ಬೇರಿನ ಮರ ದೊಡ್ಡದಾದ ಮೇಲೆ ಗಾಳಿಗೆ ಉರುಳುವ ಸಂಭವ ಹೆಚ್ಚು.

ಸುತ್ತಲೂ ಪಾತಿ ಮಾಡಿ, ಒಣಗಿದ ಎಲೆಗಳ ಹೊದಿಕೆ ಹಾಕಿ. ಹೊದಿಕೆ ಕಾಂಡಕ್ಕೆ ತಾಗದಿರಲಿ. ಮೊದಲ ಎರಡು ಬೇಸಗೆಗಳಲ್ಲಿ ವಾರಕ್ಕೆರಡು ಬಾರಿ ಆಳಕ್ಕೆ ಇಳಿಯುವಂತೆ ನೀರು ಕೊಡಬೇಕು. ಗಾಳಿ ಜೋರಿರುವ ಕಡೆ ಆಸರೆಯ ಕೋಲು ಕೊಟ್ಟು ಸಡಿಲವಾಗಿ ಕಟ್ಟಿ, ಒಂದು ವರ್ಷದಲ್ಲಿ ಬಿಚ್ಚಿಬಿಡಿ. ಕಟ್ಟು ಹಾಗೆಯೇ ಉಳಿದರೆ ಕಾಂಡವನ್ನೇ ಕೊಯ್ಯುತ್ತದೆ. ದನಕರುಗಳು ಸುಳಿಗೆ ಬಾಯಿ ಹಾಕದಂತೆ ಬೇಲಿ ಇರಲಿ.

ಕೀಟ ಮತ್ತು ರೋಗ

ಗಟ್ಟಿಮುಟ್ಟಾದ ಗಿಡಕ್ಕೆ ಬಾಧೆ ಕಡಿಮೆ. ಬೇಸಗೆಯ ಒಣಹವೆಯಲ್ಲಿ ಕೆಂಪು ನುಸಿ ಬಂದು ಎಲೆಗಳು ಮಂಕಾಗಿ, ನವಿರಾದ ಬಲೆ ಕಾಣಿಸುತ್ತದೆ. ಆಗಾಗ ರೆಂಬೆಗಳಿಗೆ ನೀರು ಸಿಂಪಡಿಸಿ ತೊಳೆದರೆ ಅದು ಹತೋಟಿಗೆ ಬರುತ್ತದೆ. ಹತ್ತಿಯಂತೆ ಬೆಳ್ಳಗೆ ಅಂಟಿಕೊಳ್ಳುವ ಹಿಟ್ಟು ತಿಗಣೆಗೂ, ಕಡ್ಡಿಯ ಮೇಲೆ ಹೊಪ್ಪಳೆಯಂತೆ ಕೂರುವ ಶಲ್ಕ ಕೀಟಕ್ಕೂ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆಯನ್ನು ಕೆಲವು ಹನಿ ಸಾಬೂನಿನ ದ್ರವದೊಡನೆ ಬೆರೆಸಿ, ಸಂಜೆಯ ಹೊತ್ತು ಸಿಂಪಡಿಸಿ. ಹತ್ತು ದಿನಗಳ ಅನಂತರ ಮತ್ತೊಮ್ಮೆ ಮಾಡಿ. ಗಿಡದ ಮೇಲೆ ಇರುವೆಗಳ ಸಾಲು ಕಂಡರೆ ಈ ಕೀಟಗಳು ಬಂದಿವೆಯೆಂದು ತಿಳಿಯಿರಿ. ಅವು ಸುರಿಸುವ ಸಿಹಿ ಅಂಟಿಗಾಗಿಯೇ ಇರುವೆ ಬರುತ್ತದೆ, ಅದೇ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ರೆಂಬೆಯ ತುದಿ ಕಂದಾದರೆ ಬಹುಪಾಲು ನೀರಿನ ಕೊರತೆ ಅಥವಾ ಒಣಗಾಳಿಯೇ ಕಾರಣ. ಇಡೀ ಗಿಡ ಹಳದಿಯಾಗಿ ಮಣ್ಣು ಹುಳಿವಾಸನೆ ಬೀರಿದರೆ ನೀರು ಹೆಚ್ಚಾಗಿದೆ ಎಂದರ್ಥ.

ಬಿಲ್ವಕ್ಕೆ ಮೊದಲ ಸ್ಥಾನ

ಕೊನೆಯದಾಗಿ ಒಂದು ವಿನಂತಿ. ನಿಮ್ಮ ಅಂಗಳದಲ್ಲಿ ಒಂದೇ ಒಂದು ಮರಕ್ಕೆ ನೆಲವಿದ್ದರೆ ಆ ನೆಲ ಬಿಲ್ವಕ್ಕಿರಲಿ. ಬಿಸಿಲನ್ನೂ ಬರವನ್ನೂ ತಾಳುವ, ಕತ್ತರಿಸಿದರೆ ಮತ್ತೆ ಚಿಗುರುವ, ನಿತ್ಯದ ಇಷ್ಟಲಿಂಗ ಪೂಜೆಗೆ ಪತ್ರೆ ನೀಡುವ ನಮ್ಮ ಮರ ಅದು. ಸಾಗರದಾಚೆಯಿಂದ ಬಂದ ಅತಿಥಿಯಾದ ಅರಕೇರಿಯಾ ಕುಂಡದಲ್ಲಿ ಜಗಲಿಯ ಗೌರವದ ಸ್ಥಾನ ಪಡೆಯಲಿ. ಸ್ಥಳಾವಕಾಶವುಳ್ಳವರು ಎರಡಕ್ಕೂ ನೆಲ ಕೊಡಲಿ. ಗೃಹಪ್ರವೇಶಕ್ಕೆ ಈ ಗಿಡವನ್ನು ಉಡುಗೊರೆ ಕೊಡುವವರು ಅದರ ಸ್ವಭಾವವನ್ನೂ ನಾಲ್ಕು ಮಾತಿನಲ್ಲಿ ತಿಳಿಸಿ ಕೊಟ್ಟರೆ ಆ ಕೊಡುಗೆ ಪೂರ್ಣವಾಗುತ್ತದೆ.

ಹೂವಿನ ಕಾಯಕವನ್ನೇ ಶಿವಪಥವಾಗಿಸಿಕೊಂಡ ಹೂಗಾರ ಮಾದಯ್ಯನವರಂಥ ಶರಣರ ಪರಂಪರೆ ನಮ್ಮದು. ಗಿಡಕ್ಕೆ ನೀರೆರೆಯುವುದು ಮಾತ್ರ ಕಾಯಕವೆನಿಸದು. ಅದು ಮರವಾಗಿ ಬಾಳಲು ಬೇಕಾದ ಜಾಗವನ್ನು ಮುಂದಾಗಿಯೇ ಅಳೆದು ಕೊಡುವುದೂ ಕಾಯಕವೇ. ನಾವು ನೆಟ್ಟ ಮರ ನಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಲ್ಲಬಲ್ಲದು. ಅವರು ಅದರ ಕೆಳಗೆ ನಿಂತು ಹಿರಿಯರನ್ನು ನೆನೆಯುವಂತಾಗುವುದೋ, ಕಡಿಯುವ ಕೂಲಿಯ ಲೆಕ್ಕ ಹಾಕುವಂತಾಗುವುದೋ ಎಂಬುದು ಇಂದು ನಾವು ಗುಂಡಿ ತೋಡುವ ಸ್ಥಳವನ್ನು ಅವಲಂಬಿಸಿದೆ. ಈ ಮುಂಗಾರಿನಲ್ಲಿ ಹಾರೆ ಹಿಡಿಯುವ ಮುನ್ನ ಅಳತೆಯ ಟೇಪನ್ನು ಹಿಡಿಯೋಣ.